ಸಂಬಳ ಇದೆ, ಮಾತ್ರೆಗೆ ಸಾಲದು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಊರಿನಿಂದ ಮದ್ದು ತರುವಾಗ ಗಮನಿಸಬೇಕಾದ ವಿಷಯಗಳನ್ನು ಬರೆದಿದ್ದೆವು. ಓದಿದವರಲ್ಲಿ ಕೆಲವರು, ‘ಅದೆಲ್ಲ ಸರಿ, ಇಲ್ಲಿ ಇನ್ಶೂರೆನ್ಸ್ ಇರುವಾಗ ಜನ ಊರಿನಿಂದ ಯಾಕೆ ಹೊತ್ತು ತರಬೇಕು?’ ಎಂದು ಕೇಳಿದರು. ಇನ್ಶೂರೆನ್ಸ್ ಇದೆ, ನಿಜ. ದುಬೈಯಲ್ಲಿ ಅದು ಕಡ್ಡಾಯವಾಗಿ ಹಲವು ವರ್ಷಗಳಾದವು. 2025ರ ಜನವರಿಯಿಂದ ಶಾರ್ಜಾ, ಅಜ್ಮಾನ್ ಮುಂತಾದ ಉತ್ತರದ ಎಮಿರೇಟ್‌ಗಳಲ್ಲೂ ಕಡ್ಡಾಯ. ಆದರೂ ಯಾಕೆ ತರುತ್ತಾರೆ ಎಂಬುದು ಫಾರ್ಮಸಿ ಕೌಂಟರಿನ ಹಿಂದೆ ನಿಲ್ಲುವ ನಮಗೆ ದಿನವೂ ಕಾಣುತ್ತದೆ.

ಕಡಿಮೆ ಸಂಬಳದವರಿಗೆ ಸಿಗುವ ಬೇಸಿಕ್ ಪಾಲಿಸಿಯಲ್ಲಿ ಔಷಧಿಯ ಬೆಲೆಯ ಶೇಕಡಾ 30ರಷ್ಟನ್ನು ರೋಗಿಯೇ ಕೊಡಬೇಕು. ಚೀಟಿಯಲ್ಲಿ ಮೂರು ಔಷಧಿ ಇರುತ್ತವೆ: ಬಿಪಿಗೆ ಒಂದು, ಶುಗರಿಗೆ ಒಂದು, ಸೊಂಟನೋವಿಗೆ ಒಂದು. ನಾವು ಕನ್ನಡದವರೆಂದು ತಿಳಿದ ಕೂಡಲೇ ಸ್ವರ ತಗ್ಗುತ್ತದೆ. ‘ಅಣ್ಣಾ, ಒಟ್ಟು ಎಷ್ಟಾಯ್ತು?’ ಹೇಳುತ್ತೇವೆ. ‘ಹಾಗಾದ್ರೆ ಇದೊಂದು ಇರ್ಲಿ, ಸಂಬಳ ಆದ್ಮೇಲೆ ನೋಡುವ.’ ಹಾಗೆ ಹಿಂದಕ್ಕೆ ತಳ್ಳುವ ಡಬ್ಬಿ ಹೆಚ್ಚಾಗಿ ಬಿಪಿಯದು, ನೋವಿನ ಮಾತ್ರೆಯಲ್ಲ. ನೋವಿದ್ದರೆ ನಾಳೆ ಕೆಲಸಕ್ಕೆ ಹೋಗಲಾಗದು, ಹಾಜರಿ ಹೋಗುತ್ತದೆ. ಬಿಪಿ ನೋಯುವುದಿಲ್ಲ. ಅವರ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇದೆ. ದೇಹದ ಲೆಕ್ಕ ಮಾತ್ರ ಬೇರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ತಾವೇ ಬಿಪಿ ಏರಿಸಬಲ್ಲವು. ಬಿಸಿಲಿನಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದು, ಅದೇ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಲ್ಲಿ ದುಡಿಸಬಾರದೆಂಬ ನಿಯಮ ಇರುವುದು ಒಳ್ಳೆಯದೇ. ಆದರೆ ಬೆಳಗ್ಗೆ 10ರ ಬಿಸಿಲೇನು ಕಡಿಮೆಯೇ!

ಇವರು ಕೆಲಸವಿಲ್ಲದವರಲ್ಲ. ಮಾಲ್ ಗುಡಿಸುವವರು, ಬೈಕಿನಲ್ಲಿ ಊಟ ತಲುಪಿಸುವವರು, ಕೆಫೆಟೇರಿಯಾದವರು, ರಾತ್ರಿ ಪಾಳಿಯ ವಾಚ್‌ಮನ್‌ಗಳು, ಕಲಬುರಗಿ ಕಡೆಯ ಮೇಸ್ತ್ರಿಗಳು. 2009ರಲ್ಲಿ ಬಂದ ವೇತನ ರಕ್ಷಣಾ ವ್ಯವಸ್ಥೆಯಿಂದಾಗಿ ಸಂಬಳ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಬರುತ್ತದೆ. ಆದರೆ ಆ ವ್ಯವಸ್ಥೆ ನೋಡುವುದು ಸಂಬಳ ಬಂತೇ ಎಂದು, ಸಾಕಾಯಿತೇ ಎಂದಲ್ಲ. ಕತಾರಿನಲ್ಲಿ 2021ರಿಂದ ಕನಿಷ್ಠ ವೇತನ 1,000 ರಿಯಾಲ್ ಇದೆ. ವಸತಿ ಕೊಡದಿದ್ದರೆ ಇನ್ನೂ 500, ಊಟ ಕೊಡದಿದ್ದರೆ 300 ಸೇರಿಸಬೇಕು. ನಮ್ಮ ಯುಎಇಯಲ್ಲಿ ವಿದೇಶಿ ಕಾರ್ಮಿಕರಿಗೆ ಅಂಥ ಅಂಕಿಯಿಲ್ಲ. ಬೆಡ್ ಸ್ಪೇಸ್, ಮೆಸ್, ಮೊಬೈಲ್ ಮೂರಕ್ಕೂ ಕೊಟ್ಟು ಊರಿಗೆ ಕಳಿಸಿದ ಮೇಲೆ ಉಳಿದದ್ದರಲ್ಲಿ ಮದ್ದು. ರೂಪಾಯಿ ಬಿದ್ದಾಗ ನಾವೆಲ್ಲ ಸಂತೋಷಪಡುತ್ತೇವೆ; ದಿರ್ಹಂನಲ್ಲಿ ಸಂಬಳ ಎಷ್ಟು ವರ್ಷದಿಂದ ನಿಂತಲ್ಲೇ ನಿಂತಿದೆ ಎಂಬುದು ಆ ದಿನ ಮರೆತೇಹೋಗುತ್ತದೆ.

ಇದಕ್ಕೆ ಮೊದಲೇ ಸಾಲ. ಭಾರತದ ನಿಯಮದಂತೆ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ನೇಮಕಾತಿಯ ಖರ್ಚನ್ನು ಕಾರ್ಮಿಕನ ಮೇಲೆ ಹಾಕುವಂತಿಲ್ಲ ಎಂದು ಇಲ್ಲಿನ ಕಾನೂನೂ ಹೇಳುತ್ತದೆ. ಕೌಂಟರಿಗೆ ಬರುವವರನ್ನು ಕೇಳಿದರೆ ಅದರ ಹಲವು ಪಟ್ಟು ಕೊಟ್ಟವರೇ ಜಾಸ್ತಿ. ಹೆಂಡತಿಯ ಕರಿಮಣಿ ಸೊಸೈಟಿಯಲ್ಲಿರುತ್ತದೆ. ಮೊದಲ ವರ್ಷದ ದುಡಿತವೆಲ್ಲ ಅದರ ಬಡ್ಡಿಗೆ.

ಇನ್ನೊಂದು ವಿಷಯ, ಕಾಂಟ್ರಾಕ್ಟ್ ಸಹಿ ಮಾಡುವಾಗ ಯಾರೂ ನೋಡದ್ದು. ಗ್ರಾಚ್ಯುಟಿ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ. ಕೈಗೆ 1,800 ದಿರ್ಹಂ ಬರುತ್ತಿದ್ದು ಮೂಲ ವೇತನ 800 ಎಂದು ಬರೆದಿದ್ದರೆ, ಐದು ವರ್ಷದ ಕೊನೆಗೆ ಸಿಗುವುದು 2,800. ಮೂಲ ವೇತನ 1,500 ಎಂದಿದ್ದರೆ 5,250. ಕೈಗೆ ಬರುವ ಸಂಬಳ ಒಂದೇ, ಊರಿಗೆ ಮರಳುವ ದಿನ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಊರಲ್ಲಿ ಅವರು ‘ದುಬಾಯಿಯವರು’. ಬ್ರಹ್ಮಕಲಶವಿರಲಿ, ಮಸೀದಿಯ ನವೀಕರಣವಿರಲಿ, ಶಾಲೆಯ ಶತಮಾನೋತ್ಸವವಿರಲಿ, ರಸೀದಿ ಪುಸ್ತಕ ವಾಟ್ಸಾಪ್‌ನಲ್ಲಿ ಮೊದಲು ಬರುವುದು ಅವರಿಗೆ. ಇಲ್ಲವೆನ್ನಲು ನಾಚಿಕೆ. ನಮ್ಮ ಸಂಘಗಳಲ್ಲೂ ಅವರು ಕಾಣುವುದಿಲ್ಲ. ರಾಜ್ಯೋತ್ಸವಕ್ಕೆ ಕುಟುಂಬ ಸಮೇತ ಬರುವ ನಾವು, ಕುಟುಂಬ ಊರಲ್ಲಿ ಬಿಟ್ಟವರ ಕಡೆ ಅಷ್ಟಾಗಿ ನೋಡುವುದಿಲ್ಲ ಎಂದರೆ ಸದಸ್ಯರು ಬೇಸರಿಸಬಾರದು.

ಮದ್ದಿಗೆ ದುಡ್ಡು ಸಾಲದಿದ್ದರೆ ಫಾರ್ಮಸಿಯಲ್ಲಿ ಬಾಯಿಬಿಟ್ಟು ಹೇಳಿ. ಅದೇ ಔಷಧಿ ಬೇರೆ ಕಂಪನಿಯದು ಅರ್ಧ ಬೆಲೆಗೂ ಸಿಗಬಹುದು. ವೈದ್ಯರನ್ನು ಕೇಳಿ ಬದಲಿಸಿಕೊಡುವುದು ನಮ್ಮ ಕೆಲಸವೇ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡು ಉಳಿತಾಯ ಮಾಡಬೇಡಿ. ಪಾಲಿಸಿಯಲ್ಲಿ ಔಷಧಿಗೆ ವಾರ್ಷಿಕ ಮಿತಿ ಇರುತ್ತದೆ, ಎಷ್ಟು ಬಾಕಿಯಿದೆಯೆಂದು ಆಗಾಗ ವಿಚಾರಿಸಿ. ಸಂಬಳ, ಪಾಸ್‌ಪೋರ್ಟ್, ಕಾಂಟ್ರಾಕ್ಟ್ ತಕರಾರಿದ್ದರೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಉಚಿತವಾಗಿ ಕರೆ ಮಾಡಬಹುದು: 800 46342.

ಈ ಸಲದ ಆರೋಗ್ಯ ಶಿಬಿರವನ್ನು ಹೋಟೆಲ್ ಹಾಲಿನ ಬದಲು ಸೋನಾಪುರದ ಒಂದು ಕ್ಯಾಂಪಿನಲ್ಲಿ, ಭಾನುವಾರ ಸಂಜೆ ಐದರ ನಂತರ ಇಡೋಣ ಎಂದು ಕಾರ್ಯಕಾರಿ ಸಮಿತಿಗೆ ಪತ್ರ ಕೊಟ್ಟಿದ್ದೇವೆ. ಬಿಪಿ ಯಂತ್ರ, ಶುಗರ್ ಸ್ಟ್ರಿಪ್ ನಾವು ತರುತ್ತೇವೆ. ಕನ್ನಡ, ತುಳು, ಬ್ಯಾರಿ ಮಾತಾಡುವ ನಾಲ್ಕು ಜನ ಬೇಕು.