ಮಣ್ಣಿಗೆ ಲೋಡ್ ಲೆಕ್ಕ ಬೇಡ, ಘನ ಅಡಿ ಲೆಕ್ಕ ಕೇಳಿ

‘ಒಂದು ಲೋಡ್ ಕೆಮ್ಮಣ್ಣಿಗೆ ಎಷ್ಟು?’ ಕೋಡಿಹಳ್ಳಿ ಸುತ್ತ ಈ ಪ್ರಶ್ನೆಗೆ ಟ್ರ್ಯಾಕ್ಟರ್‌ನವರು ಒಂದು ರೇಟು ಹೇಳಿದರೆ ಟಿಪ್ಪರ್‌ನವರು ಇನ್ನೊಂದು ಹೇಳ್ತಾರೆ. ಕನಕಪುರ ರಸ್ತೆಯಲ್ಲಿ ಏಳುತ್ತಿರುವ ಫಾರ್ಮ್‌ಹೌಸು, ಲೇಔಟುಗಳಿಗೆ ಹುಲ್ಲು, ಹೂಗಿಡ ಬೆಳೆಸಲು ಮೇಲ್ಮಣ್ಣು ಬೇಕು. ವ್ಯಾಪಾರವೆಲ್ಲ ಲೋಡಿನ ಮೇಲೆ. ನಮ್ಮ ಪ್ರಕಾರ ತಪ್ಪು ಇಲ್ಲೇ ಇದೆ. ಲೋಡ್ ಅನ್ನೋದು ಅಳತೆಯೇ ಅಲ್ಲ.

ಟ್ರೇಲರ್ ಒಳಗೆ ಟೇಪು ಹಿಡಿಯಿರಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ ಇದ್ದರೆ 120 ಘನ ಅಡಿ. ಅದಕ್ಕೆ 2,400 ರೂಪಾಯಿ ಕೇಳಿದರೆ ಘನ ಅಡಿಗೆ 20 ಆಯ್ತು. 300 ಘನ ಅಡಿಯ ಟಿಪ್ಪರಿಗೆ 7,500 ಅಂದರೆ 25. (ಈ ರೇಟು ಲೆಕ್ಕ ತಿಳಿಯಲು ಮಾತ್ರ, ಇವತ್ತಿನ ದರ ಅಲ್ಲ.) ದೂರ ಹೆಚ್ಚಿದ್ದರೆ ದೊಡ್ಡ ಗಾಡಿ ಅಗ್ಗ ಬೀಳಬಹುದು, ಡೀಸೆಲ್ ಹಂಚಿಹೋಗುತ್ತೆ. ಟನ್ ಲೆಕ್ಕದಲ್ಲಿ ಹಸಿ ಮಣ್ಣು ಕೊಂಡರೆ ನೀರಿಗೂ ದುಡ್ಡು ಕೊಟ್ಟಂತೆ.

ಇನ್ನು ಮಾರುವ ರೈತರ ಲೆಕ್ಕ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಅರ್ಧ ಅಡಿ ಮಣ್ಣು ತೆಗೆದರೆ ಸುಮಾರು 545 ಘನ ಅಡಿ. ಅಗೆದ ಮೇಲೆ ಮಣ್ಣು ಉಬ್ಬುವುದರಿಂದ ಐದಾರು ಟ್ರೇಲರ್ ಆಗುತ್ತೆ. ಕೊಳ್ಳುವವರು ಕೊಟ್ಟ ದುಡ್ಡಲ್ಲಿ ಜೆಸಿಬಿ ಬಾಡಿಗೆ, ಡೀಸೆಲ್, ಡ್ರೈವರ್ ಕೂಲಿ, ದಲ್ಲಾಳಿ ಪಾಲು ಕಳೆದು ಉಳಿದಿದ್ದಷ್ಟೇ ಹೊಲದವರಿಗೆ. ಆ ಅರ್ಧ ಅಡಿಯಲ್ಲೇ ರಾಗಿಗೆ, ಹಿಪ್ಪುನೇರಳೆಗೆ ಬೇಕಾದ ಸಾರ ಇರೋದು. 2–3 ಸೆಂಟಿಮೀಟರ್ ಮಣ್ಣಾಗಲು 1,000 ವರ್ಷದವರೆಗೂ ಹಿಡಿಯಬಹುದು ಅನ್ನುತ್ತೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಕೈಗೆ ಬಂದ ದುಡ್ಡನ್ನು ಮುಂದಿನ ವರ್ಷಗಳ ಕೊಟ್ಟಿಗೆ ಗೊಬ್ಬರದ ಖರ್ಚಿನ ಪಕ್ಕ ಇಟ್ಟು ನೋಡಿ.

ಸಾಲ ಇರುವಾಗ ಬಂದ ಗಿರಾಕಿಯನ್ನು ವಾಪಸ್ ಕಳಿಸೋದು ಸುಲಭವಲ್ಲ, ನಮಗೂ ಗೊತ್ತು. ಆದರೆ ದಾರಿಗಳಿವೆ. ಕೃಷಿ ಹೊಂಡ ತೋಡಿಸುವಾಗ ಮೇಲಿನ ಅರ್ಧ ಅಡಿ ಬೇರೆ ಗುಡ್ಡೆ ಹಾಕಿಸಿ, ವಾಪಸ್ ಹೊಲಕ್ಕೆ ಹರಡಿ. ಕೊಡೋದಿದ್ದರೆ ಅಡಿಮಣ್ಣು ಕೊಡಿ. ಅದಕ್ಕೂ ಕಾನೂನು ಇದೆ: ಕಟ್ಟಡ, ರಸ್ತೆಗೆ ತುಂಬುವ ಸಾದಾ ಮಣ್ಣನ್ನು ಕೇಂದ್ರ ಸರ್ಕಾರ 2000ದಲ್ಲೇ ಉಪಖನಿಜ ಎಂದು ಘೋಷಿಸಿದೆ. ಪರ್ಮಿಟ್ ವಿಚಾರಿಸದೆ ಗಾಡಿ ಹತ್ತಿಸಬೇಡಿ.

ಮನೆ ಕಟ್ಟಿಸುವವರಿಗೂ ಒಂದು ಮಾತು. ಪಾಯ ತೆಗೆಯುವ ಮುಂಚೆ ನಿಮ್ಮ ಸೈಟಿನ ಮೇಲ್ಮಣ್ಣನ್ನೇ ಮೂಲೆಗೆ ಎತ್ತಿಡಿ. ಅದಕ್ಕಿಂತ ಅಗ್ಗದ ಮಣ್ಣು ಎಲ್ಲೂ ಸಿಗಲ್ಲ. ಹೊಳೆದಂಡೆಯ ಗೋಡು ಅಂತ ಮಾರಲು ಬಂದರೆ ಮಣ್ಣು ಪರೀಕ್ಷೆ ಮಾಡಿಸಿ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಸೇರೋದು ನಮ್ಮ ಅರ್ಕಾವತಿಗೇ.

ಊರಿನ ಕೆರೆ ಹೂಳು ಯಾರಿಗೆ ಹೋಗಬೇಕು ಅನ್ನೋದು ಗ್ರಾಮಸಭೆಯಲ್ಲಿ ಎಲ್ಲರೆದುರು ತೀರ್ಮಾನ ಆಗಲಿ. ಮೊದಲ ಪಾಲು ಊರ ಹೊಲಗಳಿಗೆ, ಮಿಕ್ಕಿದ್ದು ಹೊರಗಿನವರಿಗೆ, ಅದೂ ಘನ ಅಡಿ ಲೆಕ್ಕದಲ್ಲಿ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ನೀವು ಕೇಳದೆ ಯಾರೂ ಎತ್ತಲ್ಲ.