ತೋಪಖಾನೆಯ ಕಣ್ಣಾದವರು

ಯುದ್ಧವೆಂದೊಡನೆ ನಮ್ಮ ಕಣ್ಮುಂದೆ ಬಂದು ನಿಲ್ಲುವವನು ಗುಂಡು ಹಾರಿಸುವ ವೀರ. ಹಾರಿದ ಗುಂಡು ಎಲ್ಲಿ ಬಿತ್ತೆಂಬುದನ್ನು ನೋಡಿ ಹೇಳುವವನ ನೆನಪು ಸಾಮಾನ್ಯವಾಗಿ ಯಾರಿಗೂ ಆಗುವುದಿಲ್ಲ. ನನಗೂ ಆಗಿರಲಿಲ್ಲ. ಆ ನೆನಪನ್ನು ಮಾಡಿಕೊಟ್ಟವರು ನಮ್ಮ ಶಿರೂರಿನ ಹಿರಿಯರೊಬ್ಬರು. ಅವರಿಗೀಗ 75 ದಾಟಿದೆ. ಸೈನ್ಯದಿಂದ ನಿವೃತ್ತರಾಗಿ ಬಂದು ಒಕ್ಕಲುತನ ಮಾಡಿಕೊಂಡಿರುವ ಅವರನ್ನು ನಾವು ಓಣಿಯ ಹುಡುಗರೆಲ್ಲ ಅಜ್ಜ ಎಂದೇ ಕರೆಯುತ್ತೇವೆ.

ಇತಿಹಾಸ ವಿಭಾಗದ ಕೆಲಸಕ್ಕಾಗಿ, 1971ರ ಯುದ್ಧದ ನೆನಪುಗಳನ್ನು ಬರೆದುಕೊಳ್ಳಬೇಕೆಂದು ನಾನು ಅವರ ಮನೆಗೆ ಹೋಗಿದ್ದೆ. ಅವರು ಆಗ ಪಶ್ಚಿಮದ ಗಡಿಯಲ್ಲಿ ತೋಪಖಾನೆಯ ವೈರ್‌ಲೆಸ್ ಸಿಪಾಯಿಯಾಗಿದ್ದವರು. ಪರಾಕ್ರಮದ ಕಥೆಗಳನ್ನು ಕೇಳುವೆನೆಂದು ಹೋದ ನನಗೆ ಅವರು ಹೇಳಿದ್ದು ಬೇರೆಯೇ ಒಂದು ಮಾತು. ತೋಪುಗಳ ಮೇಲೆ ದಿನವೂ ಒಂದು ಸಣ್ಣ ವಿಮಾನ ಹಾರುತ್ತಿತ್ತಂತೆ. ಅದರೊಳಗಿನ ಅಧಿಕಾರಿ ವೈರ್‌ಲೆಸ್ಸಿನಲ್ಲಿ "ಎಡಕ್ಕೆ ಇನ್ನೂರು, ಮುಂದಕ್ಕೆ ನಾನೂರು" ಎಂದು ಗುರಿಯನ್ನು ತಿದ್ದಿ ಹೇಳುತ್ತಿದ್ದನಂತೆ. ಯುದ್ಧ ಸುರುವಾದ ಐದನೆಯ ದಿನ ಆ ದನಿ ಮಾತಿನ ನಡುವೆಯೇ ನಿಂತುಹೋಯಿತು. ವಿಮಾನ ಬಿದ್ದಿತೆಂದು ಸಂಜೆ ಸುದ್ದಿ ಬಂದಿತು. ಮರುದಿನ ಬೇರೊಂದು ದನಿ.

"ಅವರ ಹೆಸರೇನಜ್ಜಾ?" ಎಂದು ಕೇಳಿದೆ.

"ವೈರ್‌ಲೆಸ್ಸಿನ್ಯಾಗ ಹೆಸರ ಹೇಳಂಗಿಲ್ಲ ತಮ್ಮಾ, ಗುರುತಿನ ಅಂಕಿ ಅಷ್ಟ. ಅವರ ಮಾರೀನೂ ನಾ ನೋಡಿಲ್ಲ. ದನಿ ಒಂದ ಗೊತ್ತೈತಿ. ಹೆಸರ ಗೊತ್ತಿದ್ರ ಮಾನಮಿ ಅಮಾಸಿಗೆ ಹಿರಿಯರ ಜೋಡಿ ಅವರಿಗೂ ಒಂದು ಎಡಿ ಹಿಡೀತಿದ್ದೆ" ಎಂದರು.

ಈ ಒಂದು ಮಾತಿನಿಂದ ನನ್ನ ಹುಡುಕಾಟ ಆರಂಭವಾಯಿತು. ಅದರಿಂದ ನಾನು ಕಲಿತದ್ದನ್ನೂ, ಅದರಿಂದ ಹುಟ್ಟಿದ ನನ್ನ ಅಭಿಪ್ರಾಯವನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಆ ಕೆಲಸದ ಸ್ವರೂಪವನ್ನು ತಿಳಿಯಬೇಕು. ಅಂದಿನ 25 ಪೌಂಡರ್ ತೋಪಿನ ಗುಂಡು ಸುಮಾರು 12 ಕಿಲೋಮೀಟರ್ ದೂರ ಹೋಗಬಲ್ಲದಾಗಿತ್ತು. ಹೆಚ್ಚು ಕಡಿಮೆ ಐಹೊಳೆಯಲ್ಲಿ ನಿಂತು ಪಟ್ಟದಕಲ್ಲಿನ ಕಡೆಗೆ ಹಾರಿಸಿದಂತೆ. ಹಾರಿಸುವವನಿಗೆ ಗುರಿ ಕಾಣುವುದಿಲ್ಲ. ಗುಡ್ಡ, ಗಿಡಮರ, ಊರುಗಳು ಅಡ್ಡವಿರುತ್ತವೆ. ಆದ್ದರಿಂದ ಎತ್ತರದಲ್ಲಿ ಒಂದು ಕಣ್ಣು ಬೇಕು. ಇಂಗ್ಲೆಂಡಿನಲ್ಲಿ ಬೇಜ್ಲಿ ಎಂಬ ತೋಪಖಾನೆಯ ಅಧಿಕಾರಿ, ತೋಪಿನ ವಿದ್ಯೆ ಬಲ್ಲವನೇ ವಿಮಾನವನ್ನೂ ನಡೆಸಬೇಕೆಂದು 1930ರ ದಶಕದಲ್ಲಿ ವಾದಿಸಿದನು. ಅದರ ಫಲವಾಗಿ 1941ರಲ್ಲಿ ಇಂಥ ವೀಕ್ಷಣೆಗೆಂದೇ ಪ್ರತ್ಯೇಕ ದಳ ಹುಟ್ಟಿತು. ಇದಕ್ಕೆ ಏರ್ ಓ.ಪಿ. ಎಂದು ಹೆಸರು. 656ನೆಯ ದಳವು 1943ರಲ್ಲಿ ಭಾರತಕ್ಕೆ ಬಂದು ಬರ್ಮಾದ ಯುದ್ಧದಲ್ಲಿ 14ನೆಯ ಸೈನ್ಯಕ್ಕೆ ಕಣ್ಣಾಗಿ ದುಡಿಯಿತು. ಸ್ವಾತಂತ್ರ್ಯದ ನಂತರ ನಮ್ಮ ಸೈನ್ಯವೂ ಅದೇ ಪದ್ಧತಿಯನ್ನು ಮುಂದುವರಿಸಿತು. ಒಬ್ಬನೇ ಮನುಷ್ಯ ವಿಮಾನ ನಡೆಸಬೇಕು, ನಕ್ಷೆ ನೋಡಬೇಕು, ಗುಂಡು ಬಿದ್ದ ಸ್ಥಳ ಗುರುತಿಸಬೇಕು, ವೈರ್‌ಲೆಸ್ಸಿನಲ್ಲಿ ತಿದ್ದಿ ಹೇಳಬೇಕು. ವಿಮಾನದಲ್ಲಿ ಆಯುಧವಿಲ್ಲ. ವೇಗವೂ ಹೆಚ್ಚಿಲ್ಲ. ಶತ್ರುವಿನ ಜೆಟ್ ವಿಮಾನ ಬಂದರೆ ನೆಲಕ್ಕೆ ಅಂಟಿಕೊಂಡು ಹಾರಿ ತಪ್ಪಿಸಿಕೊಳ್ಳುವುದೊಂದೇ ದಾರಿ.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ. 1971ರಲ್ಲಿ ನಮ್ಮವರು ಈ ಕೆಲಸಕ್ಕೆ ಬಳಸಿದ 'ಕೃಷಕ್' ವಿಮಾನವನ್ನು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯೇ ನಿರ್ಮಿಸಿತು. 'ಪುಷ್ಪಕ್' ಎಂಬ ತರಬೇತಿ ವಿಮಾನವನ್ನೇ ತಿದ್ದಿ ಬೆಳೆಸಿದ ಇದು 1959ರ ನವೆಂಬರಿನಲ್ಲಿ ಮೊದಲು ಹಾರಿತು. 225 ಅಶ್ವಶಕ್ತಿಯ ಒಂದೇ ಎಂಜಿನು. ಕಟ್ಟಿದ್ದು ಸುಮಾರು 70 ವಿಮಾನಗಳು. ಹೆಸರು ಕೃಷಕ್, ಎಂದರೆ ಒಕ್ಕಲಿಗ. 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ಮೇಜರ್ ಆತ್ಮಾ ಸಿಂಗ್ ಅವರು ಇಂಥ ಕೃಷಕ್ ವಿಮಾನದಿಂದಲೇ ಶತ್ರುವಿನ ಟ್ಯಾಂಕುಗಳನ್ನು ನಮ್ಮ ಹಂಟರ್ ವಿಮಾನಗಳಿಗೆ ತೋರಿಸಿಕೊಟ್ಟರು. ಆ ಯುದ್ಧದ ಸಿನಿಮಾ ನೋಡದವರು ವಿರಳ. ಆದರೆ ಆಕಾಶದಲ್ಲಿದ್ದ ಆ ಕಣ್ಣಿನ ವಿಚಾರ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇನ್ನು ಹುಡುಕಾಟದ ಮಾತು. ವಿಮಾನ ನಡೆಸುತ್ತ ಮಡಿದವರೆಂದ ಮೇಲೆ ವಾಯುಪಡೆಯವರೇ ಇರಬೇಕೆಂದು ನಾನು ಭಾವಿಸಿದ್ದೆ. ವಾಯುಪಡೆಯಲ್ಲಿ ಮಡಿದವರ ಪಟ್ಟಿಯನ್ನು ಮೊದಲಿನಿಂದ ಕಡೆಯವರೆಗೆ ಎರಡು ಸಲ ಓದಿದೆ. ಅಲ್ಲಿ ಇಲ್ಲ. ಒಂದು ಕಚೇರಿಗೆ ಪತ್ರ ಬರೆದರೆ ಇನ್ನೊಂದು ಕಚೇರಿಯನ್ನು ಕೇಳಿರೆಂದು ಉತ್ತರ ಬಂದಿತು. ಆಮೇಲೆ ತಿಳಿದುಬಂದದ್ದು ಇಷ್ಟು: ವಿಮಾನದ ಲೆಕ್ಕ ವಾಯುಪಡೆಯದು, ವೈಮಾನಿಕನ ಲೆಕ್ಕ ತೋಪಖಾನೆಯದು. ಸೈನ್ಯಕ್ಕೆ ತನ್ನದೇ ಆದ ವೈಮಾನಿಕ ವಿಭಾಗವು 1986ರ ನವೆಂಬರ್ 1ರಂದು ಸ್ಥಾಪನೆಯಾಯಿತು. ಅಲ್ಲಿಯವರೆಗೆ ಈ ಜನ ಎರಡು ಮನೆಯ ನೆಂಟರಂತೆ ಇದ್ದರು. ವಾಯುಪಡೆಯ ದಳದಲ್ಲಿ ಹಾರುತ್ತಿದ್ದರು. ಸತ್ತರೆ ತೋಪಖಾನೆಯವರ ಸಾಲಿನಲ್ಲಿ ಸೇರುತ್ತಿದ್ದರು. ಅಲ್ಲಿ ನೂರಾರು ಹೆಸರುಗಳ ನಡುವೆ, ಇವರು ಹಾರುತ್ತ ಮಡಿದವರೆಂದು ಬೇರೆ ಗುರುತು ಸಿಕ್ಕುವುದು ಕಷ್ಟ.

ಎರಡನೆಯ ಮಹಾಯುದ್ಧದಲ್ಲಿ ಮಡಿದವರಾದರೆ ಹುಡುಕಲು ಒಂದು ಹಾದಿಯಿದೆ. 1917ರಲ್ಲಿ ಸ್ಥಾಪಿತವಾದ ಯುದ್ಧ ಸಮಾಧಿಗಳ ಆಯೋಗವು ಹೆಸರು, ಹುದ್ದೆ, ದಳ, ಮರಣದ ದಿನ, ಸಮಾಧಿಯ ಸ್ಥಳ, ಎಲ್ಲವನ್ನೂ ಬರೆದಿಟ್ಟಿದೆ. ಸಮಾಧಿಯೇ ಇಲ್ಲದ ಸುಮಾರು 27,000 ಜನರ ಹೆಸರುಗಳನ್ನು ರಂಗೂನಿನ ಹತ್ತಿರ ಕಲ್ಲಿನ ಮೇಲೆ ಕೆತ್ತಿಸಿದೆ. ಆದರೆ ಆ ಆಯೋಗದ ಲೆಕ್ಕ 1947ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅನಂತರದ ಯುದ್ಧಗಳಲ್ಲಿ ಮಡಿದ ನಮ್ಮವರಿಗಾಗಿ ದಿಲ್ಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕವು ಉದ್ಘಾಟನೆಯಾದದ್ದು 2019ರ ಫೆಬ್ರುವರಿ 25ರಂದು. ಅಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ. ಇದು ಸಂತೋಷದ ವಿಷಯ. ಆದರೆ ಹೆಸರು ಗೊತ್ತಿದ್ದವನು ಅಲ್ಲಿ ಹೋಗಿ ಕೈಮುಗಿಯಬಲ್ಲನು. ಬರಿಯ ದನಿಯೊಂದನ್ನು ನೆನಪಿಟ್ಟುಕೊಂಡವನು ಯಾವ ಸಾಲಿನ ಮುಂದೆ ನಿಲ್ಲಬೇಕು?

ಹೀಗೆ ಹುಡುಕುತ್ತಿರುವಾಗ ನನಗೊಂದು ಹೆಸರು ಸಿಕ್ಕಿತು. ಹುದ್ದೆ ಹೊಂದುತ್ತಿತ್ತು, ದಳವೂ ಹೊಂದುತ್ತಿತ್ತು. ಮರಣದ ದಿನ ಮಾತ್ರ ಅಜ್ಜನ ಮಾತಿಗೆ ಹೊಂದಲಿಲ್ಲ; ಸ್ಥಳವೂ ಬೇರೆ. ಆ ಹೆಸರನ್ನು ಅಜ್ಜನಿಗೆ ಹೇಳಿಬಿಡುವ ಮನಸ್ಸಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮುದುಕನಿಗೆ ಸಮಾಧಾನ, ನನಗೆ ಕೀರ್ತಿ. ಯಾರು ಪರೀಕ್ಷಿಸುವವರಿದ್ದರು? ಆದರೆ ಒಬ್ಬನ ಮರಣವನ್ನು ಇನ್ನೊಬ್ಬನ ಹೆಸರಿಗೆ ಬರೆದರೆ ಇಬ್ಬರಿಗೂ ದ್ರೋಹ ಮಾಡಿದಂತಾಗುವುದು. ಆದ್ದರಿಂದ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಳ್ಳ ಹೆಸರಿಗೆ ಎಡಿ ಮುಟ್ಟಂಗಿಲ್ಲ ತಮ್ಮಾ. ಚಲೋ ಮಾಡಿದಿ, ಹುಡುಕು" ಎಂದರು.

ಅರ್ಧ ಶತಮಾನ ಕಳೆದ ಮೇಲೆ ಇದನ್ನೆಲ್ಲ ಕೆದಕಿ ಫಲವೇನೆಂದು ಕೆಲ ಗೆಳೆಯರು ನಕ್ಕರು. ಅವರಿಗೆ ನನ್ನ ಉತ್ತರ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು. ಅವರು ವಾಯುಪಡೆಯವರು, 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲಿನ ದಾಳಿಗೆ ಹೋದವರು ತಿರುಗಿ ಬರಲಿಲ್ಲ. ಏನಾಯಿತೆಂದು ನಮ್ಮವರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಎದುರಿಸಿ ಕೆಡವಿದ ಸಂಗತಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಬೆಳಕಿಗೆ ಬಂದಿತು. 1988ರಲ್ಲಿ, ಎಂದರೆ 23 ವರ್ಷಗಳ ನಂತರ, ಅವರಿಗೆ ಮಹಾವೀರ ಚಕ್ರ ಸಂದಿತು. ಎದುರಾಳಿಯ ಪಕ್ಷದಲ್ಲಿ ವಿಚಾರಿಸಿದ ಪರದೇಶದವನೊಬ್ಬ ಹೇಳದಿದ್ದರೆ ನಮ್ಮ ನಾಡಿನ ಮಗನ ಸಾಹಸ ನಮಗೇ ತಿಳಿಯುತ್ತಿರಲಿಲ್ಲ. ಸಂಶೋಧನೆಯ ಫಲವೇನೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸತ್ತವರ ಹೆಸರು ಹುಡುಕುವುದು ಯುದ್ಧವನ್ನು ಹೊಗಳಿದಂತೆ ಎಂದು ಹೇಳುವವರೂ ಉಂಟು. ನಾನು ಒಪ್ಪುವುದಿಲ್ಲ. ಯುದ್ಧವನ್ನು ಹಗುರವಾಗಿ ಕಾಣುವವನು ಸತ್ತವರನ್ನು ಸಂಖ್ಯೆಯಾಗಿ ಎಣಿಸುತ್ತಾನೆ. ಹೆಸರು ಕೇಳಿದಾಗಲೇ ಅದರ ಬೆಲೆ ತಿಳಿಯುವುದು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಾದಾಮಿ, ಹುನಗುಂದದ ಸೀಮೆಯಲ್ಲಿ ತಿರುಗಾಡಿದವರಿಗೆ ವೀರಗಲ್ಲು ಹೊಸದಲ್ಲ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ಲಿಂಗದ ಸನ್ನಿಧಿ. ಬೆಂಗಳೂರೆಂಬ ಹೆಸರೇ ನಮಗೆ ಮೊದಲು ಸಿಕ್ಕುವುದು ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 890ರ, ಕಾಳಗದಲ್ಲಿ ಮಡಿದವರ ನೆನಪಿನ ಕಲ್ಲಿನಲ್ಲಿ. ಮುದ್ರಣವಿಲ್ಲದ ಕಾಲದಲ್ಲಿ, ದನ ಕಾಯ್ದು ಸತ್ತವನಿಗೂ ಊರವರು ಕಲ್ಲು ನಿಲ್ಲಿಸಿದರು. ಅಂಗೈಯಲ್ಲಿ ಜಗತ್ತಿನ ಪುಸ್ತಕವಿರುವ ನಾವು ಅಷ್ಟನ್ನೂ ಮಾಡಲಾರೆವೆ?

ನನ್ನ ಸೂಚನೆ ಸರಳವಾದುದು. ಶಿರೂರು, ಬಾಗಲಕೋಟೆ, ಇಳಕಲ್ಲು, ಹುನಗುಂದ, ಬಾದಾಮಿಗಳಿಂದ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನೂರಿನ ಒಬ್ಬ ನಿವೃತ್ತ ಸೈನಿಕರ ಬಳಿ ಕುಳಿತು ಅವರ ಮಾತನ್ನು ಬರೆದುಕೊಳ್ಳಲಿ. ಕೇಳಬೇಕಾದದ್ದು ಪರಾಕ್ರಮದ ಕಥೆಯನ್ನಷ್ಟೇ ಅಲ್ಲ. ಯಾವ ದಳ, ಯಾವ ಸ್ಥಳ, ಯಾವ ದಿನ, ಪಕ್ಕದಲ್ಲಿ ಯಾರಿದ್ದರು, ಯಾರು ತಿರುಗಿ ಬರಲಿಲ್ಲ? ಖಚಿತವಿದ್ದುದನ್ನು ಖಚಿತವೆಂದೂ, ಸಂದೇಹವಿದ್ದುದನ್ನು ಸಂದೇಹವೆಂದೂ ಬರೆದು ಕಾಲೇಜಿನ ಗ್ರಂಥಾಲಯದಲ್ಲಿಡೋಣ. ಒಬ್ಬರಲ್ಲಿ ದನಿಯ ನೆನಪಿದ್ದರೆ ಇನ್ನೊಬ್ಬರಲ್ಲಿ ಅದರ ಹೆಸರಿರಬಹುದು.

ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಸಮಯ ಮಾತ್ರ ಹೆಚ್ಚಿಲ್ಲ. ನಮ್ಮ ಅಜ್ಜನಂಥವರು ಎಂಬತ್ತರ ಹತ್ತಿರ ಬರುತ್ತಿದ್ದಾರೆ. ಈ ವರ್ಷದ ಮಾನಮಿ ಅಮಾಸಿಗೆ ಅವರು ಹಿರಿಯರ ಎಡೆಗಳ ಪಕ್ಕದಲ್ಲಿ ಇನ್ನೊಂದು ಎಡೆಗೆ ಜಾಗ ಬಿಟ್ಟಿದ್ದರು. ಬರುವ ವರ್ಷದ ಹೊತ್ತಿಗೆ ಆ ಹೆಸರನ್ನು ಅವರಿಗೆ ತಂದುಕೊಡಬೇಕೆಂಬ ಆಸೆ ನನ್ನದು. ಈ ಕೆಲಸದಲ್ಲಿ ಕೈಗೂಡಿಸುವ ಗೆಳೆಯರಿದ್ದರೆ ದಯವಿಟ್ಟು ಮುಂದೆ ಬರಲಿ.