ಗುಂಡಿನ ಸದ್ದೂ ಗಡಿಯಾರದ ತೀರ್ಪೂ

ಓಟದ ಪಂದ್ಯದಲ್ಲಿ ಮೊದಲು ಮುಟ್ಟಿದವನಿಗೆ ಬಹುಮಾನ. ಮೊದಲು ಹೊರಟವನಿಗೆ ದಂಡನೆ. ಇವೆರಡರ ನಡುವೆ ವಿರೋಧವೇನೂ ಇಲ್ಲ. ಎಲ್ಲರೂ ಒಂದೇ ಗೆರೆಯಿಂದ, ಒಂದೇ ಗಳಿಗೆಯಲ್ಲಿ ಹೊರಟರಷ್ಟೆ ಗೆಲುವಿಗೆ ಅರ್ಥ ಬರುತ್ತದೆ. ಹತ್ತು ಸಾವಿರ ಮೀಟರಿನ ಓಟದಲ್ಲಿ ಆರಂಭದ ಒಂದು ಹೆಜ್ಜೆ ಲೆಕ್ಕಕ್ಕೆ ಬಾರದಿರಬಹುದು. ನೂರು ಮೀಟರಿನ ಓಟವಾದರೋ ಹತ್ತು ಸೆಕೆಂಡಿನೊಳಗೆ ಮುಗಿದುಹೋಗುವ ವ್ಯವಹಾರ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ನೋವಾ ಲೈಲ್ಸ್ ಜಮೈಕದ ಕಿಶೇನ್ ಥಾಂಪ್ಸನ್ನನಿಗಿಂತ ಮುಂದಾದದ್ದು ಸೆಕೆಂಡಿನ ಸಾವಿರದಲ್ಲಿ ಐದು ಭಾಗದಷ್ಟು ಮಾತ್ರ. ಇಂಥ ಓಟದಲ್ಲಿ ಕೊನೆಯ ಗೆರೆಗೆ ಎಷ್ಟು ಕಾವಲಿದೆಯೋ ಮೊದಲ ಗೆರೆಗೂ ಅಷ್ಟೇ ಕಾವಲು ಬೇಕು.

ಆದರೆ ಆ ಕಾವಲುಗಾರ ಯಾರು? ಬಹುಕಾಲ ಆ ಹೊಣೆ ಪಿಸ್ತೂಲು ಹಿಡಿದು ನಿಂತ ಸ್ಟಾರ್ಟರನ ಕಣ್ಣಿನದಾಗಿತ್ತು. ಜರ್ಮನಿಯ ಆರ್ಮಿನ್ ಹಾರಿ ಗುಂಡಿನ ಸದ್ದಿನೊಡನೆಯೇ ಸಿಡಿಯುವವನೆಂದು ಹೆಸರಾಗಿದ್ದ. ೧೯೬೦ರ ಜೂನ್ ೨೧ರಂದು ಜ್ಯೂರಿಚ್ ನಗರದಲ್ಲಿ ಆತ ನೂರು ಮೀಟರನ್ನು ೧೦.೦ ಸೆಕೆಂಡಿನಲ್ಲಿ ಓಡಿದಾಗ, ಆರಂಭ ಸರಿಯಿರಲಿಲ್ಲವೆಂದು ಆ ಓಟವನ್ನು ತಳ್ಳಿಹಾಕಲಾಯಿತು. ಅದೇ ದಿನ ಆತ ಮತ್ತೊಮ್ಮೆ ಓಡಿದ, ಮತ್ತೆ ೧೦.೦ ಸೆಕೆಂಡು! ಈ ಸಲ ಅದು ವಿಶ್ವದಾಖಲೆಯಾಯಿತು. ಹಾರಿ ಸದ್ದನ್ನು ಕೇಳಿ ಹೊರಡುತ್ತಿದ್ದನೋ, ಊಹಿಸಿ ಹೊರಡುತ್ತಿದ್ದನೋ ಎಂಬ ಚರ್ಚೆ ಮಾತ್ರ ಮುಗಿಯಲಿಲ್ಲ. ಕಣ್ಣಿಗೆ ನಿಲುಕದ ಸಂಗತಿಯನ್ನು ಕಣ್ಣೇ ತೀರ್ಮಾನಿಸಬೇಕಾದಾಗ ಇಂಥ ಸಂಶಯ ಉಳಿಯುವುದು ಸಹಜವೇ.

ಈ ಸಂಶಯವನ್ನು ಕಳೆಯಲೆಂದು ಯಂತ್ರ ಬಂತು. ಇಂದಿನ ದೊಡ್ಡ ಕೂಟಗಳಲ್ಲಿ ಓಟಗಾರ ಪಾದವೂರುವ ಸ್ಟಾರ್ಟಿಂಗ್ ಬ್ಲಾಕಿನಲ್ಲಿಯೇ ಆತನ ಕಾಲಿನ ಒತ್ತಡವನ್ನು ಗುರುತಿಸುವ ಸಾಧನವಿರುತ್ತದೆ. ಪ್ರತಿಯೊಬ್ಬನ ಹಿಂದೆಯೂ ಒಂದು ಧ್ವನಿವರ್ಧಕವಿರುತ್ತದೆ. ಧ್ವನಿವರ್ಧಕದ ಅಗತ್ಯವೇನೆಂದು ವಾಚಕರು ಕೇಳಬಹುದು. ಓಡುವ ಲೇನಿನ ಅಗಲ ೧.೨೨ ಮೀಟರು. ಸ್ಟಾರ್ಟರ್ ಒಂದು ಬದಿಯಲ್ಲಿ ನಿಂತು ಗುಂಡು ಹಾರಿಸಿದರೆ, ಎಂಟನೆಯ ಲೇನಿನವನ ಕಿವಿಯನ್ನು ಮುಟ್ಟಲು ಸದ್ದು ಎಂಟೂವರೆ ಮೀಟರು ಹೆಚ್ಚು ದೂರ ಸಾಗಬೇಕು. ಅದಕ್ಕೆ ಸೆಕೆಂಡಿನ ನಲವತ್ತನೆಯ ಒಂದು ಭಾಗ ಹಿಡಿಯುತ್ತದೆ. ಪ್ಯಾರಿಸ್ಸಿನಲ್ಲಿ ಚಿನ್ನವನ್ನೂ ಬೆಳ್ಳಿಯನ್ನೂ ಬೇರ್ಪಡಿಸಿದ ಅಂತರಕ್ಕೆ ಇದು ಐದು ಪಟ್ಟು. ಈ ಅನ್ಯಾಯವನ್ನು ತಪ್ಪಿಸಿದ ಯಂತ್ರಕ್ಕೆ ನಾವು ಕೃತಜ್ಞರಾಗಿರಬೇಕು.

ಇನ್ನು ದಂಡನೆಯ ಮಾತು. ೨೦೦೨ರವರೆಗೆ ಪ್ರತಿಯೊಬ್ಬ ಓಟಗಾರನಿಗೂ ಒಂದು ತಪ್ಪು ಆರಂಭಕ್ಕೆ ಕ್ಷಮೆಯಿತ್ತು. ಎರಡನೆಯದಕ್ಕೆ ಆತ ಅನರ್ಹ. ೧೯೯೬ರ ಅಟ್ಲಾಂಟ ಒಲಿಂಪಿಕ್ಸಿನ ಅಂತಿಮ ಓಟದಲ್ಲಿ, ಹಿಂದಿನ ಸಲದ ವಿಜೇತನಾದ ಬ್ರಿಟನ್ನಿನ ಲಿನ್ಫರ್ಡ್ ಕ್ರಿಸ್ಟಿ ಎರಡು ಸಲ ತಪ್ಪಿ ಹೊರನಡೆದದ್ದು ಈ ನಿಯಮದಂತೆ. ಎಂಟು ಮಂದಿಗೂ ಒಂದೊಂದು ಕ್ಷಮೆಯೆಂದರೆ ಓಟ ಆರಂಭವಾಗುವುದೇ ಕಷ್ಟವಾಯಿತು. ೨೦೦೩ರಿಂದ ಇಡೀ ಓಟಕ್ಕೆ ಒಂದೇ ಕ್ಷಮೆಯೆಂದು ಬದಲಾಯಿಸಿದರು: ಮೊದಲು ಯಾರೇ ತಪ್ಪಲಿ, ಆಮೇಲೆ ತಪ್ಪಿದವನು ಅನರ್ಹ. ಒಬ್ಬನ ತಪ್ಪಿಗೆ ಇನ್ನೊಬ್ಬ ದಂಡ ತೆರುವ ಈ ಏರ್ಪಾಡಿನಲ್ಲಿ ಕಪಟಕ್ಕೂ ದಾರಿಯಾಯಿತು. ಆರಂಭದಲ್ಲಿ ನಿಧಾನಿಯಾದವನು ಬೇಕೆಂದೇ ಒಮ್ಮೆ ತಪ್ಪಿದರೆ ಸಾಕು, ಚುರುಕಿನವರೆಲ್ಲ ಅಂಜಿ ಕಾಯಬೇಕು. ೨೦೧೦ರಲ್ಲಿ ಅದನ್ನೂ ಕೈಬಿಟ್ಟು, ತಪ್ಪಿದವನು ಮೊದಲ ಸಲಕ್ಕೇ ಹೊರಗೆ ಎಂಬ ಕಟ್ಟುನಿಟ್ಟು ಬಂತು.

ಮರುವರ್ಷವೇ ಅದರ ಬಿಸಿ ಲೋಕಕ್ಕೆ ತಟ್ಟಿತು. ೨೦೧೧ರಲ್ಲಿ ದಕ್ಷಿಣ ಕೊರಿಯದ ಡೇಗು ನಗರದ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಓಟದಲ್ಲಿ ಉಸೇನ್ ಬೋಲ್ಟ್ ಗುಂಡಿಗೆ ಮೊದಲೇ ಚಿಮ್ಮಿದ; ಹೊರನಡೆದ. ಆತನ ನಾಡಿನವನೇ ಆದ ಯೋಹಾನ್ ಬ್ಲೇಕ್ ೯.೯೨ ಸೆಕೆಂಡಿನಲ್ಲಿ ಗೆದ್ದ. ಅತಿವೇಗದ ಮನುಷ್ಯನಿಲ್ಲದ ಓಟ ಓಟವೇ ಎಂದು ಆಕ್ಷೇಪಿಸಿದವರುಂಟು. ನನಗೆ ಆ ಆಕ್ಷೇಪಣೆ ಸರಿಯೆನಿಸದು. ಆತ ಹೊರಟದ್ದನ್ನು ನೋಡಲು ಯಂತ್ರವೇ ಬೇಕಿರಲಿಲ್ಲ. ಲೋಕವೆಲ್ಲ ನೋಡಬಂದವನಿಗೂ, ಹೆಸರೇ ಕೇಳದವನಿಗೂ ಒಂದೇ ಶಿಕ್ಷೆಯೆಂಬುದು ಆ ನಿಯಮದ ಕ್ರೌರ್ಯವಲ್ಲ, ಅದರ ಘನತೆ.

ನನ್ನ ತಕರಾರಿರುವುದು ಬೇರೆ ಕಡೆ. ಈಗಿನ ನಿಯಮದಲ್ಲಿ ಎರಡು ಅಪರಾಧಗಳು ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ. ಗುಂಡಿಗೆ ಮೊದಲು ಹೊರಡುವುದು ಒಂದು. ಗುಂಡಾದ ಮೇಲೆ ೦.೧೦೦ ಸೆಕೆಂಡು ಕಳೆಯುವ ಮೊದಲೇ ಹೊರಡುವುದು ಇನ್ನೊಂದು. ಮೊದಲನೆಯದು ಕಂಡ ಸಂಗತಿ. ಎರಡನೆಯದು ಅನುಮಾನ: ಸದ್ದು ಕಿವಿಯನ್ನು ಹೊಕ್ಕು ಕಾಲನ್ನು ಎಬ್ಬಿಸಲು ಅಷ್ಟಾದರೂ ಕಾಲ ಬೇಕು, ಆದ್ದರಿಂದ ಅದಕ್ಕಿಂತ ಮೊದಲು ಹೊರಟವನು ಸದ್ದನ್ನು ಕೇಳದೆ ಊಹಿಸಿಯೇ ಹೊರಟಿರಬೇಕು ಎಂಬ ತರ್ಕ. ತರ್ಕವೇನೋ ಸೊಗಸಾಗಿದೆ. ಆದರೆ ಆ ಅಂಕಿಯೇ ನಿಶ್ಚಿತವಲ್ಲದಿದ್ದರೆ? ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟಕ್ಕಾಗಿಯೇ ಸಂಶೋಧನೆ ನಡೆಸಿದ ಫಿನ್ಲೆಂಡಿನ ವಿದ್ವಾಂಸರು, ಈ ಮಿತಿಯನ್ನು ೦.೦೮೦ ಅಥವಾ ೦.೦೮೫ ಸೆಕೆಂಡಿಗೆ ಇಳಿಸಬೇಕೆಂದು ೨೦೦೯ರಲ್ಲಿಯೇ ಸೂಚಿಸಿದ್ದರು.

ಆ ಸೂಚನೆಯನ್ನು ಕೇಳದಿದ್ದುದರ ಬೆಲೆ ಏನೆಂಬುದು ೨೦೨೨ರ ಜುಲೈಯಲ್ಲಿ ಅಮೆರಿಕದ ಯೂಜೀನ್ ನಗರದಲ್ಲಿ ತಿಳಿಯಿತು. ವಿಶ್ವ ಚಾಂಪಿಯನ್‌ಷಿಪ್ಪಿನ ೧೧೦ ಮೀಟರ್ ಹರ್ಡಲ್ಸ್ ಓಟದ ಅಂತಿಮ ಸುತ್ತು. ಅದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ಓದಿದ ಡೆವನ್ ಆಲೆನ್ ಗುಂಡಾದ ೦.೦೯೯ ಸೆಕೆಂಡಿಗೆ ಹೊರಟನೆಂದು ಯಂತ್ರ ಹೇಳಿತು. ಮಿತಿಗೆ ಸಾವಿರದ ಒಂದು ಭಾಗ ಕಡಿಮೆ! ಪೂರ್ಣವೇಗದಲ್ಲಿರುವ ಬೋಲ್ಟನೂ ಅಷ್ಟು ಕಾಲದಲ್ಲಿ ಅರ್ಧ ಅಂಗುಲ ದಾಟಲಾರ. ಆಲೆನ್ ತನ್ನೂರಿನ ಜನರೆದುರಿಗೆ ಓಡದೆಯೇ ಹೊರಬರಬೇಕಾಯಿತು. ಉತ್ತೀರ್ಣನಾಗಲು ೩೫ ಅಂಕ ಬೇಕಿರುವಲ್ಲಿ ೩೪ ಬಂದ ಉತ್ತರಪತ್ರಿಕೆಯನ್ನು ಇನ್ನೊಮ್ಮೆ ತಿರುವಿ ನೋಡದ ಪರೀಕ್ಷಕರು ನಮ್ಮಲ್ಲಿ ವಿರಳ. ಅದು ದಾಕ್ಷಿಣ್ಯವಲ್ಲ, ತನ್ನ ಅಳತೆಯಲ್ಲಿಯೂ ದೋಷವಿರಬಹುದೆಂಬ ವಿವೇಕ.

ಆ ವಿವೇಕ ಕೆಲಸಮಾಡಿದ ಪ್ರಸಂಗವೂ ಒಂದಿದೆ. ಅದು ನಮ್ಮ ದೇಶದ ಓಟಗಾರ್ತಿಗೆ ಸಂಬಂಧಿಸಿದ್ದು. ಚೀನದ ಹಾಂಗ್‌ಝೌ ನಗರದಲ್ಲಿ ೨೦೨೩ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ೧೦೦ ಮೀಟರ್ ಹರ್ಡಲ್ಸಿನಲ್ಲಿ ಆತಿಥೇಯರ ವು ಯಾನ್ನಿ ಗುಂಡಿಗೆ ಮೊದಲೇ ಹೊರಟಳು. ಆ ಚಲನೆಯ ಸೆಳೆತಕ್ಕೆ ಆಂಧ್ರದ ಜ್ಯೋತಿ ಯರ್ರಾಜಿಯೂ ಹೊರಟಳು. ಆಕೆಯ ಮೇಲೂ ತಪ್ಪು ಹೊರಿಸಲು ಅಧಿಕಾರಿಗಳು ಮುಂದಾದಾಗ ಜ್ಯೋತಿ ಸುಮ್ಮನೆ ತಲೆಬಾಗಲಿಲ್ಲ. ವಾದವಾಯಿತು, ಚಿತ್ರವನ್ನು ಮತ್ತೆ ನೋಡಲಾಯಿತು. ಕಡೆಗೆ ಇಬ್ಬರನ್ನೂ ಓಡಗೊಟ್ಟು ತೀರ್ಪನ್ನು ಮುಂದಕ್ಕಿಡಲಾಯಿತು. ವು ಎರಡನೆಯವಳಾಗಿಯೂ ಜ್ಯೋತಿ ಮೂರನೆಯವಳಾಗಿಯೂ ಮುಟ್ಟಿದರು. ಆಮೇಲೆ ವು ಅನರ್ಹಳಾದಳು. ಬೆಳ್ಳಿ ಜ್ಯೋತಿಗೆ ಸಂದಿತು. ಯಾರು ಎಷ್ಟು ಹೊತ್ತಿಗೆ ಕದಲಿದರೆಂದು ಯಂತ್ರ ಹೇಳಬಲ್ಲದು. ಯಾರು ಯಾರನ್ನು ಕದಲಿಸಿದರೆಂದು ಹೇಳಲು ಮನುಷ್ಯನೇ ಬೇಕು.

ಮನುಷ್ಯನ ವಿವೇಚನೆಗೆ ಎಡೆಗೊಟ್ಟರೆ ಪಕ್ಷಪಾತವೂ ಒಳನುಗ್ಗುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅದು ಕಡೆಗಣಿಸತಕ್ಕ ಪ್ರಶ್ನೆಯಲ್ಲ. ೨೦೦೩ರಲ್ಲಿ ಪ್ಯಾರಿಸ್ಸಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಯಂತ್ರ ೦.೦೫೨ ಎಂದು ತೋರಿಸಿದಾಗ ಅಮೆರಿಕದ ಜಾನ್ ಡ್ರಮಂಡ್ ಅದನ್ನೊಪ್ಪದೆ ಓಟದ ಹಾದಿಯಲ್ಲೇ ಮಲಗಿಬಿಟ್ಟ. ಗದ್ದಲ ಮಾಡಿದವನಿಗೆಲ್ಲ ಓಡಲು ಅವಕಾಶವೆಂದರೆ ಆಟವೇ ಕೆಡುತ್ತದೆ. ಆದ್ದರಿಂದ ವಿವೇಚನೆ ನಿಯಮದ ಹೊರಗಿನಿಂದ ಬರಬಾರದು. ನಿಯಮದೊಳಗೇ ಅದಕ್ಕೊಂದು ಸ್ಥಾನವಿರಬೇಕು. ಹಳಗನ್ನಡ ಛಂದಸ್ಸನ್ನು ಓದಿದವರಿಗೆ ಇದು ಹೊಸದಲ್ಲ. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬುದು ವಿಧಿ. ಆದರೂ ಕೆಲವು ಒತ್ತಕ್ಷರಗಳು ಉಚ್ಚಾರಣೆಯಲ್ಲಿ ತೇಲಿಹೋಗುವುದರಿಂದ ಅವುಗಳ ಹಿಂದಿನ ಅಕ್ಷರವನ್ನು ಲಘುವೆಂದೇ ಎಣಿಸುತ್ತೇವೆ. ಶಿಥಿಲದ್ವಿತ್ವವೆಂಬ ಈ ಸಂಗತಿಗೆ ಕೇಶಿರಾಜನು ತನ್ನ ವ್ಯಾಕರಣದಲ್ಲಿಯೇ ಎಡೆಗೊಟ್ಟ. ಅದರಿಂದ ಛಂದಸ್ಸು ಹಾಳಾಗಲಿಲ್ಲ. ಕಣ್ಣಿನ ಲೆಕ್ಕಕ್ಕೆ ಕಿವಿಯ ಸಾಕ್ಷ್ಯವೂ ಕೂಡಿ ಬಂದಿತಷ್ಟೆ.

ಓಟದ ನಿಯಮಕ್ಕೂ ಅಷ್ಟು ಉದಾರತೆ ಸಾಕು. ಗುಂಡಿಗೆ ಮೊದಲು ಹೊರಟವನು ಯಾರೇ ಆಗಲಿ ಹೊರಗೆ ಹೋಗಲಿ, ೦.೦೮೦ ಸೆಕೆಂಡಿನೊಳಗೆ ಹೊರಟವನಿಗೂ ಅದೇ ಗತಿಯಾಗಲಿ. ೦.೦೮೦ಕ್ಕೂ ೦.೧೦೦ಕ್ಕೂ ನಡುವೆ ಹೊರಟವನು ಮಾತ್ರ, ಆತ ಕೇಳಲಿ ಕೇಳದಿರಲಿ, ತೀರ್ಪಿಗೆ ಬದ್ಧನಾಗಿ ಓಡಲಿ. ಓಟ ಮುಗಿದ ಮೇಲೆ ತೀರ್ಪುಗಾರರು ಯಂತ್ರದ ಗೆರೆಯನ್ನೂ ಚಿತ್ರವನ್ನೂ ಸಾವಧಾನವಾಗಿ ನೋಡಿ ನಿರ್ಣಯಿಸಲಿ. ಓಡಿದವನನ್ನು ಆಮೇಲೆ ಅನರ್ಹನೆಂದು ಸಾರಬಹುದು. ಓಡಗೊಡದವನಿಗೆ ಆ ಓಟವನ್ನು ಆಮೇಲೆ ಕೊಡಲು ಯಾರಿಂದಲೂ ಆಗದು. ಯಂತ್ರದ ಅಂಕಿ ಬೆಲೆಯುಳ್ಳ ಸಾಕ್ಷಿ, ಬಹುಶಃ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಆದರೆ ಸಾಕ್ಷಿಯ ಪೆಟ್ಟಿಗೆಯಲ್ಲಿ ನಿಂತಿರಬೇಕಾದದ್ದು ನ್ಯಾಯಾಧೀಶರ ಪೀಠವನ್ನು ಏರಿ ಕುಳಿತರೆ, ವರ್ಷಗಟ್ಟಲೆ ಬೆವರು ಸುರಿಸಿ ಬಂದವನಿಗೆ ತನ್ನ ಮಾತು ಹೇಳಿಕೊಳ್ಳಲು ಜಾಗವೇ ಉಳಿಯುವುದಿಲ್ಲ.